ದಿವ್ಯಾ ಹೊಡೆದುಹಾಕಿದ ಎರಡು ವರ್ಷ

ಎಕ್ಕಂಬಿಯ ಕೆರಿಯಪ್ಪನ ಮಗಳು ದಿವ್ಯಾಳಿಗೆ ಶಿರಸಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು ನಾನು, ಸುಬ್ಬಲಕ್ಷ್ಮಿ. ಹಾಗಂತ ಅವಳು ನನ್ನ ಮಾತು ಕೇಳುತ್ತಿದ್ದಳು ಎಂದುಕೊಳ್ಳಬೇಡಿ.

ಪಿಎಚ್.ಡಿ.ಗೆ ಅವಳು ಹಿಡಿದ ವಿಷಯ ಇಷ್ಟು: ಗಾಜಿನ ಕೊಳವೆಯಲ್ಲಿ ಸ್ವಲ್ಪವೇ ಅನಿಲ ತುಂಬಿ ವಿದ್ಯುತ್ ಹರಿಸಿದರೆ ಅಣುಗಳು ಎಲೆಕ್ಟ್ರಾನು ಕಳೆದುಕೊಂಡು ಅಯಾನುಗಳಾಗುತ್ತವೆ. ವಿದ್ಯುತ್ ನಿಲ್ಲಿಸಿದಾಗ ಎಲೆಕ್ಟ್ರಾನುಗಳು ಮರಳಿ ಬಂದು ಸೇರುತ್ತವೆ, ಸೇರಿದ ಏಟಿಗೆ ಅಣುವೇ ಒಡೆಯುತ್ತದೆ. ಯಾವ ಉಷ್ಣತೆಯಲ್ಲಿ ಎಷ್ಟು ಬೇಗ ಸೇರುತ್ತವೆ ಎಂದು ಎರಡು ವರ್ಷ ಅಳೆದಳು. ಪ್ರಬಂಧ ಒಪ್ಪಿಸಲು ಎರಡೇ ತಿಂಗಳು ಉಳಿದಿತ್ತು.

ಆ ಜನವರಿಯಲ್ಲಿ ನಾನು ಅವರ ಆಲೆಮನೆಗೆ ಹೋಗಿದ್ದೆ. ಒಲೆಯ ಬೆಂಕಿ ಹೊರಗೆಳೆದಿದ್ದರು. ಉರಿ ಇಲ್ಲವಲ್ಲ ಎಂದು ಕೊಪ್ಪರಿಗೆಯ ಬೆಲ್ಲದ ಪಾಕಕ್ಕೆ ಬೆರಳದ್ದಿ, ಸುಟ್ಟುಕೊಂಡು ಕುಣಿದಾಡಿಬಿಟ್ಟೆ.

"ಬೆಂಕಿ ತೆಗದ ಕೂಡ್ಲೆ ಪಾಕ ಆರತೈತೇನ್ರಿ ಟೀಚರ್ರೆ? ಒಲಿ ನೋಡಬ್ಯಾಡ್ರಿ, ಪಾಕ ನೋಡ್ರಿ," ಎಂದ ಕೆರಿಯಪ್ಪ, ನೀರಿಗೆ ಒಂದು ಹನಿ ಬಿಟ್ಟು ಹದ ನೋಡುತ್ತ.

ಎಲ್ಲರೂ ನಕ್ಕರು. ದಿವ್ಯಾಳ ಮುಖ ಮಾತ್ರ ಬಿಳಿಚಿತ್ತು. ವಿದ್ಯುತ್ ನಿಲ್ಲಿಸಿದ ಕ್ಷಣದಿಂದಲೇ ಅಳೆಯುತ್ತ ಬಂದವಳು, ಕೊಳವೆಯ ಉಷ್ಣತೆಯನ್ನೇ ಎಲೆಕ್ಟ್ರಾನುಗಳದ್ದೂ ಎಂದು ಬರೆದಿದ್ದಳು. ಕೊಳವೆ ತಣ್ಣಗಿತ್ತು, ಎಲೆಕ್ಟ್ರಾನುಗಳು ಇನ್ನೂ ಬಿಸಿಯಾಗಿದ್ದವು. ಬಿಸಿ ಎಲೆಕ್ಟ್ರಾನು ಜೋರಾಗಿ ಓಡುತ್ತದೆ, ಅಯಾನಿನ ಸೆಳೆತಕ್ಕೆ ಸುಲಭವಾಗಿ ಸಿಗುವುದಿಲ್ಲ. ತಣಿದಷ್ಟೂ ಬೇಗ ಸೇರುತ್ತದೆ.

"ಅಷ್ಟು ಕೆದಕಿ ಯಾರು ಕೇಳುತ್ತಾರೆ? ಒಪ್ಪಿಸಿಬಿಡು," ಎಂದರು ಅವಳ ಮಾರ್ಗದರ್ಶಕರು, ಅವಳು ಹೋಗಿ ತಪ್ಪು ತೋರಿಸಿದಾಗ.

ನಾನೂ ಅದನ್ನೇ ಹೇಳಿದೆ. "ಎಂತಕ್ಕೆ ಈ ಹಟ ಮಾರಾಯ್ತಿ? ಮೊದಲು ಪದವಿ ತಗ." ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಮಾರ್ಗದರ್ಶಕರ ಮೇಜಿನ ಮೇಲೆಯೇ ತನ್ನ ದಾಖಲೆ ಪುಸ್ತಕ ತೆರೆದು, ಪುಟಪುಟಕ್ಕೂ ಕೆಂಪು ಗೆರೆ ಎಳೆದು ಸಹಿ ಹಾಕಿದಳು. ಅವರು ತಡೆಯಲು ಬಂದರೆ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಮುಂದುವರಿಸಿದಳಂತೆ. ಅವಧಿ ಮುಗಿದು ಶಿಷ್ಯವೇತನ ನಿಂತಿತು. ಯಲ್ಲಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಪ್ರಯೋಗಾಲಯಕ್ಕೆ ಓಡಿದಳು. ಎಲೆಕ್ಟ್ರಾನುಗಳು ತಣಿಯುವವರೆಗೆ ಕಾದು ಎಲ್ಲವನ್ನೂ ಮತ್ತೆ ಅಳೆದಳು. ಸೇರುವ ವೇಗ ಹಿಂದಿನದರ ಎರಡು ಪಟ್ಟು ಬಂತು.

ಕಳೆದ ತಿಂಗಳು ಅವಳ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, "ಹಳೆಯ ಅಂಕಿಗಳೇ ಪದವಿಗೆ ಸಾಕಾಗುತ್ತಿದ್ದವಲ್ಲಮ್ಮ?"

"ಪದವಿಗೆ ಸಾಕಿತ್ತು ಸರ್," ಎಂದಳು ದಿವ್ಯಾ. "ಆದರೆ ಅವು ಸುಳ್ಳಾಗಿದ್ದವು. ಗೊತ್ತಿದ್ದೂ ಒಪ್ಪಿಸು ಅಂದವರಿದ್ದರು."

ಮಾರ್ಗದರ್ಶಕರು ಪಕ್ಕದಲ್ಲೇ ಕೂತಿದ್ದರು. ಹಿಂದಿನ ಸಾಲಿನಲ್ಲಿ ನಾನೂ ಇದ್ದೆ.