ದೊರೆಯ ‘ಹೂಂ’

ಲಾಂಡ್ರಿ ಅಕ್ಕನ ತಮ್ಮನಿಗೆ ನಲವತ್ತು ದಾಟಿದ್ದರೂ ಮನೆಯವರಿಗೆಲ್ಲ ಅವನು ‘ದೊರೆ’. ಕರೆದ ತಕ್ಷಣ ತಿರುಗಿ ನೋಡುವ ಜಾಯಮಾನ ಅವನದಲ್ಲವಾದ್ದರಿಂದ ಬಂದ ಹೆಸರು ಅದು. ಹುಟ್ಟಿದಾಗಿನಿಂದ ಅವನ ಬುದ್ಧಿಯ ಬೆಳವಣಿಗೆ ನಿಧಾನ. ಶಾಲೆಗೆ ಹೋಗಿ ಬೆಂಚು ಸವೆಸಿದ್ದಷ್ಟೇ ಬಂತು. ತಾಯಿ ಇರುವಷ್ಟು ಕಾಲ ಅವನ ಅಂಗಿಯ ಗುಂಡಿ ಹಾಕಿದವಳೂ ಅವಳೇ, ಅವನ ಪರವಾಗಿ ಮಾತಾಡಿದವಳೂ ಅವಳೇ. ಅವಳು ತೀರಿಕೊಂಡ ಮೇಲೆ ದೊರೆ ಒಂದು ಚೀಲ ಬಟ್ಟೆ ಹಿಡಿದು ಅಕ್ಕನ ಮನೆಗೆ ಬಂದ. ಕೆಳಗೆ ಅಂಗಡಿ, ಮೇಲೆ ಮನೆ.

ಅಕ್ಕನದೋ ಬಿಡುವಿಲ್ಲದ ಬಾಯಿ. ಒಂದು ಶರ್ಟಿಗೆ ಇಸ್ತ್ರಿ ಹಾಕುವಷ್ಟರಲ್ಲಿ ಬೀದಿಯವರ ಸಂಸಾರವನ್ನೆಲ್ಲ ಜಾಲಾಡಿ ಮುಗಿಸುವವಳು. “ಮೇಲಿಂದ ಆ ನೀಲಿ ಬುಟ್ಟಿ ತಗೊಂಡು ಬಾ, ಬರ್ತಾ ಕಿಟಕಿ ಹಾಕು, ಕಂಬಳಿ ಒದ್ದೆ ಇದ್ರೆ ಅದನ್ನ ಮುಟ್ಟಬೇಡ, ಗೊತ್ತಾಯ್ತಾ?” ಎಂದು ಒಂದೇ ಉಸಿರಿಗೆ ಹೇಳುವಳು. ದೊರೆ “ಹೂಂ” ಎನ್ನುವನು. ಆಮೇಲೆ ಒದ್ದೆ ಕಂಬಳಿಯನ್ನು ತಬ್ಬಿಕೊಂಡು ಇಳಿದು ಬರುವನು.

“ಬೇಕು ಅಂತಲೇ ಮಾಡ್ತಾನೆ ಕಣ್ರೀ!” ಎಂದು ಅವಳು ಗಂಡನ ಮುಂದೆ ಹಣೆ ಚಚ್ಚಿಕೊಳ್ಳುವಳು. ಗಂಡ ಪತ್ರಿಕೆಯಿಂದ ಮುಖ ಎತ್ತುತ್ತಿರಲಿಲ್ಲ.

ಒಂದು ದಿನ ವಕೀಲರೊಬ್ಬರು ತಮ್ಮ ಕರಿ ಕೋಟು ಹಿಡಿದು ಬಂದು ಕೌಂಟರಿನ ಮೇಲೆ ಹರಡಿದರು. ಪುಟ್ಟ ಮಗುವಿನ ಕೋಟಿನಷ್ಟಾಗಿತ್ತು ಅದು.

“ನೀರಿಗೆ ಹಾಕಬೇಡಿ ಅಂತ ನಿಮ್ಮ ತಮ್ಮನಿಗೆ ಹೇಳಿದ್ದೆ. ಹೂಂ ಅಂದ್ರು!”

ಅಕ್ಕ ಉರಿದುಬಿದ್ದು ತಮ್ಮನ ಕಡೆ ತಿರುಗಿದಳು. “ಏನೋ, ಹೇಳಿದ್ರಾ ಇವರು?”

“ಹೂಂ.”

“ಹೇಳಲಿಲ್ವಾ?”

“ಹೂಂ.”

“ನೀನು ಈ ಊರಿನ ರಾಜನೇನೋ?”

“ಹೂಂ.”

ವಕೀಲರಿಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಇಷ್ಟು ದಿನ ತಾನು ಕೇಳಿದ್ದಕ್ಕೆಲ್ಲ ಇವನು ಕೊಟ್ಟ ಉತ್ತರ ಉತ್ತರವೇ ಅಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಅದೇ ವಾರ ದೊರೆ ಊಟ ಬಿಟ್ಟ. ತಟ್ಟೆ ತಳ್ಳುವುದು, ಗೋಡೆಗೆ ಮುಖ ಮಾಡಿ ಕೂರುವುದು. ಅಕ್ಕ ಮೊದಲು ಬೈದಳು, ಆಮೇಲೆ ಗೋಗರೆದಳು, ಕೊನೆಗೆ ಡಾಕ್ಟರ ಬಳಿ ಎಳೆದುಕೊಂಡು ಹೋದಳು. “ಹೊಟ್ಟೆ ನೋವಾ?” ಎಂದರು ಡಾಕ್ಟರು. “ಹೂಂ.” ತಲೆ ನೋವಾ ಎಂದಿದ್ದರೂ ಅದೇ ಬರುತ್ತಿತ್ತು, ಆದರೆ ಅವರು ಕೇಳಲಿಲ್ಲ, ಹೊಟ್ಟೆಗೆ ಮಾತ್ರೆ ಬರೆದರು. ಮಾತ್ರೆ ಖಾಲಿಯಾಯಿತು, ತಟ್ಟೆ ಖಾಲಿಯಾಗಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟರಿಗೂ ಸುಸ್ತಾಗಿ, ಮಾತಿನ ತೊಂದರೆ ಇರುವವರನ್ನು ನೋಡುವ ಮೇಡಂ ಒಬ್ಬರ ಬಳಿ ಕಳಿಸಿದರು. ಆಕೆ ಅಕ್ಕನಿಂದ ಒದ್ದೆ ಕಂಬಳಿಯ ಕಥೆಯನ್ನೆಲ್ಲ ಕೇಳಿ, ದೊರೆಯ ಜೊತೆ ಬಹಳ ಹೊತ್ತು ಕೂತಿದ್ದು ಅಕ್ಕನ ಕಡೆ ತಿರುಗಿದರು.

“ಇವರಿಗೆ ಕಲಿಯೋಕೆ ಆಗಲ್ಲ ಅಂತಲ್ಲ, ನಿಧಾನ. ಉದ್ದ ಮಾತು ತಲೇಲಿ ನಿಲ್ಲಲ್ಲ. ಎಲ್ಲೋ ಒಂದು ಪದ ಉಳಿಯುತ್ತೆ. ಕಂಬಳಿ ಅಂದ್ರಲ್ಲ, ಅದು ಉಳೀತು.”

“ಮತ್ತೆ ಹೂಂ ಯಾಕೆ ಅಂತಾನೆ?”

“ಹೂಂ ಅಂದ್ರೆ ಬೈಗುಳ ನಿಲ್ಲುತ್ತೆ ಅಂತ ಚಿಕ್ಕಂದಿನಲ್ಲೇ ಕಲಿತಿದ್ದಾರೆ. ಅದನ್ನ ಎಷ್ಟು ಚೆನ್ನಾಗಿ ಕಲಿತಿದ್ದಾರೆ ನೋಡಿ. ಹೌದಾ ಅಲ್ವಾ ಅಂತ ಕೇಳಬೇಡಿ. ತೋರಿಸೋಕೆ ಹೇಳಿ. ಒಂದೇ ಮಾತು ಹೇಳಿ, ಆಮೇಲೆ ಸುಮ್ಮನಿರಿ.”

“ಸುಮ್ಮನೆ ಅಂದ್ರೆ?”

“ಸುಮ್ಮನೆ ಅಂದ್ರೆ ಸುಮ್ಮನೆ.”

ಅಕ್ಕನಿಗೆ ಇದಕ್ಕಿಂತ ಕಷ್ಟದ ಔಷಧಿಯನ್ನು ಯಾರೂ ಕೊಟ್ಟಿರಲಿಲ್ಲ. ಮನೆಗೆ ಬಂದು ತಮ್ಮನ ಎದುರು ಕೂತಳು. “ನೋವು ಎಲ್ಲಿ? ತೋರಿಸು,” ಎಂದಳು. ದೊರೆ ನೆಲ ನೋಡಿದ. ನಾಲಗೆಯ ತುದಿಗೆ ಬಂದ ಮಾತುಗಳನ್ನೆಲ್ಲ ಅವಳು ತುಟಿ ಕಚ್ಚಿ ತಡೆದಳು. ಕೆಳಗೆ ಗಿರಾಕಿ ಕೂಗುತ್ತಿದ್ದ. ಕೂಗಲಿ. ಕೊನೆಗೆ ಅವನ ಕೈ ನಿಧಾನವಾಗಿ ಮೇಲೆದ್ದಿತು. ದೊರೆ ಬಾಯಿ ತೆರೆದು ದವಡೆಯ ಮೂಲೆಗೆ ಬೆರಳಿಟ್ಟ. ಅಲ್ಲೊಂದು ಹಲ್ಲು ಕೊಳೆತು ಕರ್ರಗಾಗಿತ್ತು, ವಸಡು ಊದಿಕೊಂಡಿತ್ತು.

“ಅಯ್ಯೋ ನಿನ್ನ! ಇಷ್ಟು ದಿನ ಇದನ್ನ ಬಾಯಲ್ಲಿಟ್ಕೊಂಡಿದ್ಯಾ?” ಎಂದು ಕಿರುಚಿದಳು. ಅವನ ಮೇಲೆ, ಹೊಟ್ಟೆಗೆ ಮಾತ್ರೆ ಕೊಟ್ಟವರ ಮೇಲೆ, ತನ್ನ ಮೇಲೆ, ಸತ್ತ ತಾಯಿಯ ಮೇಲೆ, ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂದು, ಯಾರಿಗೆ ಬೈಯಬೇಕೆಂದು ತಿಳಿಯದೆ ಅತ್ತಳು.

ಹಲ್ಲಿನ ಡಾಕ್ಟರು ಇಕ್ಕಳ ಕೈಗೆತ್ತಿಕೊಂಡಾಗ ದೊರೆ ಅದನ್ನು ದಿಟ್ಟಿಸಿ, ಸ್ಪಷ್ಟವಾಗಿ ಹೇಳಿದ: “ಬೇಡ.”

“ಇಷ್ಟು ವರ್ಷ ಬಾರದ ಮಾತು ಈಗ್ಲೇ ಬರಬೇಕಿತ್ತೇನೋ!” ಎಂದಳು ಅಕ್ಕ.

ಅವತ್ತು ವಾಪಸು ಬಂದರು. ಮುಂದಿನ ಸಲ ಡಾಕ್ಟರು ಕನ್ನಡಿ ಕೊಟ್ಟು ಹಲ್ಲು ತೋರಿಸಿದರು. ಇಕ್ಕಳವನ್ನು ಅವನ ಕೈಗೇ ಕೊಟ್ಟು ಮುಟ್ಟಿ ನೋಡಲು ಬಿಟ್ಟರು. ಅದರ ಮುಂದಿನ ಸಲ ಅವನಾಗಿಯೇ ಬಾಯಿ ತೆರೆದ. ಹಲ್ಲು ಕಿತ್ತು ಬಂತು. ಸಂಜೆ ಅನ್ನ ಗಂಜಿ ಮಾಡಿ ಕೊಟ್ಟರೆ ತಟ್ಟೆ ನೆಕ್ಕಿದ.

ಹಾಗೆಂದು ಅಕ್ಕನಿಗೆ ನೆಮ್ಮದಿ ಸಿಕ್ಕಿತೇ? ಎಲ್ಲಿಂದ! ‘ಬೇಡ’ದ ರುಚಿ ಹತ್ತಿದ ದೊರೆಗೆ ಈಗ ಸ್ನಾನ ಬೇಡ, ಚಪ್ಪಲಿ ಬೇಡ, ಭಾವ ಬೇಡ. ಗಿರಾಕಿಗಳಿಗೂ ಅಕ್ಕ ಪಾಠ ಶುರು ಮಾಡಿದಳು: “ಒಂದೇ ಮಾತು ಹೇಳಿ, ಸ್ವಾಮಿ. ಆಮೇಲೆ ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ.” ಕೆಲವರು ಬೇರೆ ಅಂಗಡಿ ಹುಡುಕಿಕೊಂಡರು. ಉಳಿದವರು ನಿಂತರು.

ಬೆಳಿಗ್ಗೆ ಅಂಗಡಿ ತೆರೆಯುವುದು ತಡವಾಗುತ್ತಿದೆ. ಅಕ್ಕ ಎರಡು ಕೈಯಲ್ಲಿ ಎರಡು ಅಂಗಿ ಎತ್ತಿ ಹಿಡಿದು ನಿಂತಿರುತ್ತಾಳೆ. ದೊರೆ ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ. ಅವಳ ತೋಳು ಸೋಲುತ್ತದೆ. ಅವನು ಬಿಳಿಯದನ್ನು ಮುಟ್ಟುತ್ತಾನೆ. ಅವಳು ಉಸ್ಸೆಂದು ಅದರ ಗುಂಡಿ ಬಿಚ್ಚುವಷ್ಟರಲ್ಲಿ ಅವನ ಬೆರಳು ಪಟ್ಟೆಯಂಗಿಯ ಕಡೆ ತಿರುಗುತ್ತದೆ.

“ಇನ್ನೊಂದು,” ಎನ್ನುತ್ತಾನೆ.