ಯಾರ ತಾಬಾಕ್ಕೆ?

ಕೋವಿಡ್ ನಿರ್ಬಂಧಗಳೆಲ್ಲ ತೆರವಾದ ಮರುವರ್ಷ ನಾನು ಪುಣೆಯ ಧನಕವಡಿಯಲ್ಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ನೀಡುವ ಸಣ್ಣ ಸಂಸ್ಥೆಯೊಂದರ ವಕೀಲಳಾಗಿದ್ದೆ. ಕರಿಕೋಟು ತೊಟ್ಟು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ವ್ಯಕ್ತಿಸ್ವಾತಂತ್ರ್ಯದ ತಾತ್ವಿಕ ನೆಲೆಗಳ ಬಗ್ಗೆ ಕಾಲೇಜುಗಳಲ್ಲಿ ಉಪನ್ಯಾಸವನ್ನೂ ಕೊಡುತ್ತಿದ್ದೆ. ಮನುಷ್ಯ ಯಾರ ಸೊತ್ತೂ ಅಲ್ಲ, ಎಲ್ಲ ಹಕ್ಕುಗಳೂ ಹೊರಡುವುದು ಅಲ್ಲಿಂದಲೇ ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ. ಆ ಮಾತಿನ ಅರ್ಥವನ್ನು ನನಗೆ ಕಲಿಸಿದವಳು ಇಪ್ಪತ್ತಾರರ ರೇಣುಕಾ.

ಅವಳ ತಂದೆ ಪುಣೆ ಹತ್ತಿರದ ದೌಂಡದಲ್ಲಿ ರೈಲ್ವೆ ನೌಕರರು. ಮನೆತನ ಗದಗ ಕಡೆಯದು. ನಿಶ್ಚಯವಾಗಿದ್ದ ಮದುವೆ ತನಗೆ ಬೇಡವೆಂದು ಹೇಳಿ, ಧನಕವಡಿಯ ಲ್ಯಾಬ್ ಒಂದರಲ್ಲಿ ಟೆಕ್ನಿಷಿಯನ್ ಕೆಲಸ ಹಿಡಿದು ಅವಳು ಮನೆ ಬಿಟ್ಟಿದ್ದಳು. ತಂದೆ 'ಮಗಳು ಕಾಣೆಯಾಗಿದ್ದಾಳೆ' ಎಂದು ದೂರು ಕೊಟ್ಟರು. ಪೊಲೀಸರು ದಾರಿಯಲ್ಲಿ ಅವಳನ್ನು ಗುರುತಿಸಿ, 'ಸುರಕ್ಷತೆಗಾಗಿ' ಮಹಿಳಾ ಆಶ್ರಯಧಾಮಕ್ಕೆ ಸೇರಿಸಿದರು. ಹೊರಬರಲು ಪಾಲಕರ ಸಹಿ ಬೇಕೆಂದು ಅಲ್ಲಿ ಹೇಳಿದರು. ಹೀಗೆ ಹನ್ನೊಂದು ದಿನ ಕಳೆದವು. ಸೋಮವಾರ ಲ್ಯಾಬಿಗೆ ಹಾಜರಾಗದಿದ್ದರೆ ಆ ಹುದ್ದೆ ಬೇರೆಯವರ ಪಾಲಾಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಆಶ್ರಯಧಾಮದ ಫೋನಿನಿಂದಲೇ ಅವಳು ನಮ್ಮ ಕಚೇರಿಗೆ ಕರೆ ಮಾಡಿದಳು.

ತಪ್ಪುಗಳನ್ನು ಮುಚ್ಚಿಡದೆ ಹೇಳಬೇಕು. ಹೇಳಿ ಹೋದ ವಯಸ್ಕ ಮಗಳನ್ನು ಕಾಣೆಯಾದವಳೆಂದು ಬರೆಸಿದ್ದು ತಂದೆಯ ತಪ್ಪು. ಅವಳ ಹೇಳಿಕೆ ಪಡೆದು ಅಲ್ಲಿಯೇ ಬಿಡಬೇಕಾಗಿದ್ದ ಪೊಲೀಸರು ವ್ಯಾನು ಹತ್ತಿಸಿದ್ದು ತಪ್ಪು. ನ್ಯಾಯಾಲಯದ ಆದೇಶವೇ ಇಲ್ಲದೆ ಆಶ್ರಯಧಾಮ ಬಾಗಿಲು ಹಾಕಿದ್ದು, ವ್ಯಕ್ತಿಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ ಇಪ್ಪತ್ತೊಂದನೆಯ ವಿಧಿಗೇ ಅಪಚಾರ. ನಾಲ್ಕನೆಯ ತಪ್ಪು ನನ್ನದು.

ಮಧ್ಯಾಹ್ನ ಆಶ್ರಯಧಾಮಕ್ಕೆ ಹೋದೆ. ರೇಣುಕಾಳ ತಂದೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಸೋಲಾಪುರ ಕಡೆಯವರಾದ ಅಧೀಕ್ಷಕಿ ಮರಾಠಿಯಲ್ಲಿ ಬಿಡುಗಡೆ ಫಾರ್ಮ್ ತುಂಬುತ್ತಾ ನನ್ನೊಡನೆ ಕನ್ನಡದಲ್ಲಿ ಮಾತಾಡಿದರು. ಗಂಡನ ಹೆಸರಿನ ಮುಂದೆ 'ಲಾಗೂ ನಾಹಿ', ಅಂದರೆ ಅನ್ವಯಿಸುವುದಿಲ್ಲ ಎಂದು ಬರೆದರು. ಕೊನೆಯ ಕಾಲಂ ಬಂದಾಗ ಪೆನ್ನು ನಿಂತಿತು: 'ತಾಬಾ ಕೋಣಾಕಡೆ?' ಯಾರ ತಾಬಾಕ್ಕೆ, ಅಂದರೆ ಯಾರ ವಶಕ್ಕೆ? ಜಮೀನಿಗೂ ಜಪ್ತಿಯಾದ ಮೋಟರ್ ಸೈಕಲ್ಲಿಗೂ ಬಳಸುವುದು ಇದೇ ಪದ.

"ಅವರ ಅಪ್ಪಾರು ಸಹಿ ಮಾಡಾಕ ತಯಾರ ಅದಾರ. ಅದು ಬ್ಯಾಡಂದ್ರ ನೀವರೆ ಮಾಡ್ರಿ ವಕೀಲಬಾಯಿ. ಐದು ಮಿನಿಟಿನ ಕೆಲಸ."

ವಾದಕ್ಕಿಳಿದರೆ ಸಂಜೆಯಾಗುತ್ತದೆ, ಮುಂದೆರಡು ದಿನ ಸರ್ಕಾರಿ ಕಚೇರಿಗಳಿಗೆ ರಜೆ ಎಂದು ಲೆಕ್ಕ ಹಾಕಿ, ಆ ಕಾಲಂನಲ್ಲಿ ನನ್ನ ಹೆಸರು ಬರೆದುಬಿಟ್ಟೆ. ಸಹಿಗಾಗಿ ರೇಣುಕಾಳ ಮುಂದಿಟ್ಟೆ. ಅವಳು ಕೊನೆಯವರೆಗೂ ಓದಿದಳು.

"ಅಕ್ಕಾರ, ಇಲ್ಲಿ ನಿಮ್ಮ ಹೆಸರು ಯಾಕ ಅದ?"

"ಬರೀ ಫಾರ್ಮಾಲಿಟಿ."

"ವರ ನೋಡಾಕ ಬಂದಾಗ ನಮ್ಮಪ್ಪನೂ ಹಿಂಗ ಅಂದಿದ್ದ. ನಾ ಏನ್ ಕೊರಿಯರ್ ಪಾರ್ಸಲ್ ಏನ್ರಿ, ಸಹಿ ಹಾಕಿ ಒಯ್ಯಾಕ?"

ಇವತ್ತು ಹೊರಡದಿದ್ದರೆ ಕೆಲಸ ಹೋಗುತ್ತದೆ ಎಂದೆ.

"ಹೋದ್ರ ಹೋಗ್ಲಿ. ಇವತ್ತ ನಿಮ್ಮ ತಾಬಾಕ್ಕ ಕೊಟ್ರ, ನಾಳೆ ನೀವು ನಮ್ಮಪ್ಪಗ ವಾಪಸ್ ಕೊಡಾಕ ಬರ್ತದಲ್ರಿ?"

ಕೈಯಿಂದ ಕೈಗೆ ದಾಟಿಸಬಹುದಾದದ್ದು ವಸ್ತು. ದಾಟಿಸುವವರು ಎಷ್ಟೇ ಒಳ್ಳೆಯವರಾದರೂ ಅದು ವಸ್ತುವೇ. ನನ್ನ ಹೆಸರನ್ನು ಹೊಡೆದುಹಾಕಿದೆ. ಬಿಳಿಹಾಳೆ ಕೇಳಿ ಪಡೆದು ಅರ್ಜಿ ಬರೆದೆ: ರೇಣುಕಾ ವಯಸ್ಕಳು, ಹೊರಡಬಯಸುತ್ತಾಳೆ, ಯಾವ ಆದೇಶದ ಮೇರೆಗೆ ತಡೆದಿದ್ದೀರೆಂದು ಲಿಖಿತವಾಗಿ ತಿಳಿಸಬೇಕು. ಅಧೀಕ್ಷಕಿ ಓದಿ, ಮೇಲಧಿಕಾರಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಆದೇಶದ ನಂಬರ್ ಕೇಳಿದ್ದಿರಬೇಕು. ಕಡತವನ್ನು ಎರಡು ಸಲ ತಿರುವಿ ಹಾಕಿ, ಇಲ್ಲವೆಂದರು.

"ಬಿಡಾಕ ಹೇಳಿದ್ರು," ಎಂದು ಫೋನಿಟ್ಟರು. "ಆದ್ರ ಕಾಲಂ ಖಾಲಿ ಬಿಡಾಂಗಿಲ್ರಿ. 'ಸ್ವತಃ' ಅಂತ ಬರೀಲೇನು?"

ಗೆದ್ದೆವೆಂದುಕೊಂಡು ನಾನು ತಲೆಯಾಡಿಸಿದೆ. ರೇಣುಕಾ ಆಡಿಸಲಿಲ್ಲ.

"ಸ್ವತಃದ ತಾಬಾ ಅಂದ್ರೂ ತಾಬಾನ ಅಲ್ರಿ ಮ್ಯಾಡಮ್? ನಾ ಸಾಮಾನಲ್ಲ. ಮ್ಯಾಲೆ ಗಂಡನ ಹೆಸರಿನ ಮುಂದ ಏನ್ ಬರದೀರಿ? ಅದನ್ನ ಇಲ್ಲೂ ಬರೀರಿ."

ಅಧೀಕ್ಷಕಿ ಕನ್ನಡಕ ತೆಗೆದು ನಕ್ಕರು. "ಭಾಳ ಶಾಣ್ಯಾ ಅದಾಳ್ರಿ ನಿಮ್ಮ ಹುಡುಗಿ."

"ನಮ್ಮವಳಲ್ರಿ," ಎಂದೆ.

ಅವರು ಬರೆದರು: ಲಾಗೂ ನಾಹಿ.

ಹೊರಗೆ ತಂದೆ ಎದ್ದುನಿಂತರು. "ನಡಿಯವ್ವಾ, ದೌಂಡದ ಗಾಡಿ ಅದ."

"ಅಪ್ಪಾ, ಸೋಮವಾರ ಡ್ಯೂಟಿ ಅದ. ರೂಮ್ ನೋಡಬೇಕಂದ್ರ ಯಾವಾಗರೆ ಬಾ, ಚಹಾ ಮಾಡಿ ಕೊಡ್ತೀನಿ."

ಅವರು ವಿಳಾಸ ಕೇಳಿದರು. ಅವಳು ಹೇಳಿದಳು. ನನ್ನ ಸ್ಕೂಟರಿನಲ್ಲಿ ಬಿಡುತ್ತೇನೆಂದರೆ ಒಪ್ಪದೆ, ಸ್ವಾರಗೇಟ ಕಡೆಯ ಬಸ್ ಹತ್ತಿದಳು.

ಸ್ವಾತಂತ್ರ್ಯವನ್ನು ಕಸಿಯುವವರ ಮೇಲೆ ಕಣ್ಣಿಡುವುದು ನನ್ನ ವೃತ್ತಿ. ಅದನ್ನು ಕೊಡಿಸುವವರ ಮೇಲೂ, ಅಂದರೆ ನನ್ನ ಮೇಲೂ, ಅಷ್ಟೇ ಕಣ್ಣಿಡಬೇಕೆಂದು ಆ ಮಧ್ಯಾಹ್ನ ಕಲಿಸಿತು. ನಮ್ಮ ಕಚೇರಿಯ ರಿಜಿಸ್ಟರಿನಲ್ಲಿ ಇಂಥ ಪ್ರಕರಣಗಳ ಕೊನೆಗೆ 'ಬಿಡಿಸಿಕೊಂಡು ಬರಲಾಯಿತು' ಎಂದು ಬರೆಯುವ ರೂಢಿಯಿತ್ತು. ಅಂದು ಸಂಜೆ ಅರ್ಧ ಬರೆದು ನಿಲ್ಲಿಸಿದೆ. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದೆ: 'ರೇಣುಕಾ ಹೊರಟಳು.'