ಕಾರು ಬಂತು, ಚಪ್ಪಲಿ ಬರಲಿಲ್ಲ

ನಮ್ಮ ಮನೆಯ ಕಾರಿಗೆ ಹತ್ತುವಾಗ ಚಪ್ಪಲಿ ಬಿಚ್ಚಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಫಜೀತಿಗೆಲ್ಲ ಇದೇ ಮೂಲ. ದೇವಸ್ಥಾನಕ್ಕೆ ಬಿಚ್ಚುತ್ತೇವೆ, ಮನೆಯೊಳಗೆ ಬರುವಾಗ ಬಿಚ್ಚುತ್ತೇವೆ, ಸರಿ. ಕಾರಿಗೂ ಬಿಚ್ಚುದೆಂದರೆ ಎಂತದು ಮಾರಾಯ್ರೆ ಎಂದು ನಾನು ಕಾರು ಬಂದ ದಿನವೇ ಕೇಳಿದ್ದೆ.

“ಒಳಗೆ ಕೆನೆ ಬಣ್ಣ,” ಎಂದರು ಇವರು.

ಇವರು ಎಂದರೆ ನನ್ನ ಗಂಡ. ಇವರದ್ದು ಕೆಂಪುಕಲ್ಲಿನ ವ್ಯಾಪಾರ. ಕಲ್ಲು ಕೊಯ್ಯುವಲ್ಲಿಯ ಧೂಳು ಇವರ ಅಂಗಿಯಲ್ಲಿ ಉಂಟು, ಕಿವಿಯಲ್ಲಿ ಉಂಟು, ನಾನು ಒಗೆದು ಒಣಗಿಸಿದ ಬೆಡ್‌ಶೀಟಿನಲ್ಲಿಯೂ ಉಂಟು. ನರಿಮೊಗರಿನ ನಮ್ಮ ಮನೆಯ ಬೆಕ್ಕು ಹುಟ್ಟುವಾಗ ಬಿಳಿ ಇತ್ತು, ಈಗ ಕೇಳಬೇಡಿ. ಇಂಥ ಮನುಷ್ಯ ಹೊರಗೆ ಬಿಳಿ, ಒಳಗೆ ಕೆನೆ ಬಣ್ಣ ಇರುವ ಕಾರು ತರುತ್ತಾರೆಂದರೆ ತಲೆ ಸರಿ ಉಂಟಾ ಎಂದು ಯಾರಾದರೂ ಕೇಳಬೇಕು. ಬೇರೆ ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಕೇಳಿದೆ.

ಅದು ಲಕ್ಷುರಿ ಕಾಂಪ್ಯಾಕ್ಟ್ ಎಸ್‌ಯುವಿಯಂತೆ. ಹಾಗೆಂದರೆ ದೊಡ್ಡವರು ಓಡಿಸುವ ಕಂಪೆನಿಯ ಸಣ್ಣ ಕಾರು ಎಂದು ನನಗೆ ಅರ್ಥವಾಯಿತು. ನೋಡಲು ಬಂದವರೆಲ್ಲ ಮೊದಲು ಮೂತಿಯ ಮೇಲಿನ ಚಿಹ್ನೆ ನೋಡಿ “ಹೋ!” ಎನ್ನುತ್ತಿದ್ದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಬಗ್ಗಿ ನೋಡಿ “ಇಷ್ಟೇಯಾ?” ಎನ್ನುತ್ತಿದ್ದರು. ಇವರ ಮುಖ ಆಗ ನೋಡಬೇಕಿತ್ತು. ಒಬ್ಬರಂತೂ “ಇಷ್ಟು ಕೊಡುವ ಬದಲು ಒಂದು ಲಾರಿ ತೆಗೆದಿದ್ದರೆ ದುಡಿತಿತ್ತು” ಎಂದು ಹೇಳಿ, ನಾನು ಕೊಟ್ಟ ಚಾ ಕುಡಿದು ಹೋದರು.

ಕಾರಿಗೆ ಬುದ್ಧಿ ಹೆಚ್ಚು. ನಿಂತಲ್ಲಿ ಅದರ ಇಂಜಿನ್ ತನ್ನಷ್ಟಕ್ಕೆ ಬಂದ್ ಆಗ್ತದೆ, ಪೆಟ್ರೋಲ್ ಉಳಿಸಲಿಕ್ಕೆ. ಇದು ಮೊದಲು ಗೊತ್ತಾದದ್ದು ಪುತ್ತೂರು ಬಸ್‌ಸ್ಟ್ಯಾಂಡಿನ ಎದುರು, ವಾಹನಗಳ ಮಧ್ಯೆ. ಗಾಡಿ ಸತ್ತಿತೆಂದು ಇವರು ಹೌಹಾರಿ, ಬ್ರೇಕ್ ಒತ್ತಿಕೊಂಡೇ ಕಿಟಕಿಯಿಂದ ಇಬ್ಬರು ರಿಕ್ಷಾದವರನ್ನು ಕರೆದು ದೂಡಲು ನಿಲ್ಲಿಸಿದರು. ಅವರು ಪಾಪ ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ಕೈ ಇಟ್ಟರೋ ಇಲ್ಲವೋ, ಇವರು ಬ್ರೇಕಿನಿಂದ ಕಾಲು ತೆಗೆದರು, ಕಾರು ಬುರ್ರೆಂದು ಹೋಯಿತು. ದೂಡಲು ಬಂದವರು ಅಲ್ಲೇ ಮುಗ್ಗರಿಸಿದರು. ಈಗಲೂ ಆ ಸ್ಟ್ಯಾಂಡಿನಲ್ಲಿ ನಾನು ರಿಕ್ಷಾ ಕೇಳಿದರೆ “ಅಕ್ಕಾ, ದೂಡಬೇಕಾ?” ಎಂದೇ ಕೇಳುದು.

ಇರಲಿ. ಚಪ್ಪಲಿಯ ವಿಷಯಕ್ಕೆ ಬರುತ್ತೇನೆ. ಇವರು ಒಂದು ಅಗಲದ ಪ್ಲಾಸ್ಟಿಕ್ ಬುಟ್ಟಿ ತಂದು, ಹಳೆ ಪೇಪರ್ ಹಾಸಿ ಡಿಕ್ಕಿಯಲ್ಲಿಟ್ಟರು. ಹತ್ತುವವರು ಚಪ್ಪಲಿ ಬಿಚ್ಚಿ ಆ ಬುಟ್ಟಿಗೆ ಹಾಕಬೇಕು, ಇಳಿಯುವಾಗ ಇವರೇ ತೆಗೆದು ಎದುರಿಡುತ್ತಾರೆ. ಸತ್ಯ ಹೇಳುತ್ತೇನೆ, ಮದುವೆಯಾದ ಇಷ್ಟು ವರ್ಷದಲ್ಲಿ ಇವರು ನನ್ನ ಚಪ್ಪಲಿ ಮುಟ್ಟಿದ್ದು ಆ ಕಾರು ಬಂದ ಮೇಲೆಯೇ. ಹಾಗಾಗಿ ನಾನು ಹೆಚ್ಚು ಜಗಳ ಮಾಡಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳ ಮದುವೆಯ ಮಾತು ಬಂತು. ಅಕ್ಕನ ಮನೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಮಗಳು ರಾಮಕುಂಜದಲ್ಲಿ ಟೀಚರ್. ನನಗೆ ಮಕ್ಕಳಿಲ್ಲ, ಅವಳು ಅರ್ಧ ಬೆಳೆದದ್ದು ನಮ್ಮ ಮನೆಯಲ್ಲೇ. ನೋಡಲು ಬಂದ ಹುಡುಗರನ್ನೆಲ್ಲ ಒಂದೊಂದು ಕಾರಣ ಹೇಳಿ ಓಡಿಸಿದ ಹುಡುಗಿ ಅವಳು. ಒಬ್ಬ ಅವಳ ಸಂಬಳ ಕೇಳಿದನೆಂದು, ಇನ್ನೊಬ್ಬ ಅವಳಿಗಿಂತ ಹೆಚ್ಚು ಸಲ ಕನ್ನಡಿ ನೋಡಿದನೆಂದು. ಆದರೆ ಕಾಣಿಯೂರಿನ ಕಡೆಯ ಹುಡುಗನೊಬ್ಬ ಕಡಬ ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದ, ಶಾಲೆಯ ಪಂಪ್ ಸರಿಮಾಡಲು ಬಂದಿದ್ದ. ಸುತ್ತ ನಿಂತ ಮಕ್ಕಳಿಗೆ ಪಂಪ್ ಬಿಚ್ಚಿ, ನೀರು ಹೇಗೆ ಮೇಲೆ ಬರ್ತದೆ ಎಂದು ತೋರಿಸಿದನಂತೆ. ಇವಳು ಕಿಟಕಿಯಿಂದ ನೋಡಿದಳಂತೆ. “ಆ ಕಡೆಯಿಂದ ಕೇಳಿದರೆ ನಂಗೆ ಒಪ್ಪಿಗೆ ಉಂಟು ಚಿಕ್ಕಮ್ಮ,” ಎಂದು ನನ್ನ ಹತ್ತಿರ ಮಾತ್ರ ಹೇಳಿದಳು. ಹೇಳುವಾಗ ಕಿವಿ ಕೆಂಪಾಗಿತ್ತು. ನನಗೆ ಖುಷಿಯಾಗಿ ಅಳುವೇ ಬಂತು.

ನನ್ನ ಸೋದರಮಾವನಿಗೆ ಎರಡೂ ಮನೆಯ ಪರಿಚಯ. ಅವರು ಮಾತಾಡಿ ಹುಡುಗನ ಕಡೆಯವರನ್ನು ಅಕ್ಕನ ಮನೆಗೆ ಕರೆತಂದರು. ಎಲ್ಲ ಚೆನ್ನಾಗಿಯೇ ಇರುತ್ತಿತ್ತು, ಇವರು ಅಂಗಳದ ಮಧ್ಯದಲ್ಲಿ ತೊಳೆದು ಒರೆಸಿದ ಕಾರು ನಿಲ್ಲಿಸದೆ ಇದ್ದಿದ್ದರೆ. ಹುಡುಗನ ಅಮ್ಮ ಸುಮ್ಮನೆ ಮರ್ಯಾದೆಗೆ “ಕಾರು ನಿಮ್ಮದಾ?” ಎಂದು ಕೇಳಿದ್ದೇ ಸಾಕಾಯಿತು. ತಲೆಯ ಮೇಲಿನ ಮಾಡಿನ ಗಾಜು ತೆರೆಯುದು, ಸೀಟು ತಂಪಾಗುದು, ರಿವರ್ಸ್ ಹೋಗುವಾಗ ಹಿಂದಿನ ನಾಯಿ ಟಿವಿಯಲ್ಲಿ ಕಾಣುದು, ಎಲ್ಲ ತೋರಿಸಿದರು. ಪಾಯಸ ಆರಿ ಗಟ್ಟಿಯಾಯಿತು. ಹುಡುಗನ ಅಮ್ಮನ ಮುಖ ಸಣ್ಣಗಾಗುತ್ತ ಹೋದದ್ದು ನನಗೆ ಕಂಡಿತು, ಇವರಿಗೆ ಕಾಣಲಿಲ್ಲ.

ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ಮಾವ ಹೋಗಿ ವಿಚಾರಿಸಿ ಬಂದು ಹೇಳಿದರು: “ಅವರಿಗೆ ಹುಡುಗಿ ಇಷ್ಟ ಆಗಿದೆ. ಆದ್ರೆ ಹೆದರಿಕೆ. ಅಂಥ ಕಾರಿನಲ್ಲಿ ತಿರುಗುವವರು ನಮ್ಮ ಮನೆಗೆ ಹೇಗೆ ಹೊಂದಿಕೊಳ್ತಾರೆ, ನಮ್ಮಲ್ಲಿಗೆ ರಸ್ತೆ ಕೂಡಾ ಸರಿ ಇಲ್ಲ ಅಂತಾರೆ. ಮನೆ ನೋಡ್ಲಿಕ್ಕೆ ಬನ್ನಿ, ನೋಡಿದ ಮೇಲೆ ನೀವೇ ಹೇಳಿ ಅಂದ್ರು.”

ನಮ್ಮಲ್ಲಿ ಹುಡುಗಿಯ ಕಡೆಯ ಹಿರಿಯರು ಹೋಗಿ ಹುಡುಗನ ಮನೆ ನೋಡಿ ಬರುವ ಕ್ರಮ ಉಂಟು. ಹುಡುಗಿ ಹೋಗುವ ಹಾಗಿಲ್ಲ. ಅವಳು ಮನೆಯಲ್ಲಿ ಕೂತು ಕಾಯಬೇಕು. ಅವಳು ಚಿಕ್ಕಪ್ಪನ ಎದುರು ಬಂದು ನಿಂತು, “ಆ ಕಾರಿನಲ್ಲಿ ಹೋಗಬೇಡಿ ಚಿಕ್ಕಪ್ಪ, ಅಪ್ಪನ ಜೀಪಿನಲ್ಲಿ ಹೋಗಿ” ಎಂದಳು. ಇವರು ಒಪ್ಪಿದರು. ಒಪ್ಪದೆ ಎಲ್ಲಿಗೆ ಹೋಗುದು, ನಾನು ಹಿಂದೆ ನಿಂತಿದ್ದೆ.

ಹೊರಡುವ ಶುಕ್ರವಾರ ಬೆಳಿಗ್ಗೆ ಭಾವನ ಜೀಪು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿ ಹೋಗಿತ್ತು. ರಾಹುಕಾಲ ಹತ್ತೂವರೆಗೆ ಶುರು, ಅದರ ಮೊದಲು ಮನೆಯಿಂದ ಹೊರಬೀಳಬೇಕು. ಬೇರೆ ಗಾಡಿ ಹುಡುಕಲು ಸಮಯವಿಲ್ಲ. ಇವರು ಮೆತ್ತಗೆ ಕೆಮ್ಮಿ, “ನಮ್ಮದು ಉಂಟು” ಎಂದರು. ಮಗಳು ಕಣ್ಣು ತುಂಬಿಕೊಂಡು ಹತ್ತಿರ ಬಂದು, “ಕಾರಿನ ಬಗ್ಗೆ ಒಂದು ಮಾತೂ ಆಡುದಿಲ್ಲ ಅಂತ ನನ್ನ ತಲೆ ಮೇಲೆ ಕೈ ಇಟ್ಟು ಹೇಳಿ” ಎಂದಳು. ಇವರು ಕೈ ಇಟ್ಟು ಹೇಳಿದರು. ಪಾಪ, ಇವರಿಗೆ ಅವಳೆಂದರೆ ಜೀವ.

ಡಿಕ್ಕಿಯಲ್ಲಿ ಬಾಳೆಗೊನೆ ಇಡಬೇಕಿತ್ತು. ಅದಕ್ಕೆ ಜಾಗ ಮಾಡಲು ಭಾವ ಚಪ್ಪಲಿಯ ಬುಟ್ಟಿಯನ್ನು ತೆಗೆದು ಅಂಗಳದಲ್ಲಿಟ್ಟರು. ನಾವೆಲ್ಲ ಶಿಸ್ತಾಗಿ ಅದಕ್ಕೇ ಚಪ್ಪಲಿ ಹಾಕಿ ಹತ್ತಿದೆವು. ಬುಟ್ಟಿಯನ್ನು ಇವರು ಇಡುತ್ತಾರೆಂದು ಭಾವ, ಭಾವ ಇಡುತ್ತಾರೆಂದು ಇವರು. ಮುಂದೆ ಕೂತ ಮಾವ “ರಾಹುಕಾಲ, ರಾಹುಕಾಲ!” ಎಂದು ಬೊಬ್ಬೆ ಹೊಡೆಯುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು, ಅಕ್ಕ, ಭಾವ, ಇಸ್ತ್ರಿ ಹಾಕಿದ ರೇಷ್ಮೆ ಸೀರೆ ಮುದ್ದೆಯಾಗುವಷ್ಟು ಒತ್ತಿ ಕೂತೆವು. ಲಕ್ಷುರಿ ಮುಂದಿನವರಿಗೆ, ಕಾಂಪ್ಯಾಕ್ಟ್ ಹಿಂದಿನವರಿಗೆ.

ಕಾಣಿಯೂರಿನಿಂದ ಒಳಗೆ ತಿರುಗಿ ಸ್ವಲ್ಪ ಹೋದ ಮೇಲೆ ಡಾಮರು ಮುಗಿಯಿತು. ಎದುರಿಗೆ ಸಣ್ಣ ಸಣ್ಣ ಚರಳುಕಲ್ಲಿನ ಏರು. ಕಾರಿನ ಹೊಟ್ಟೆ ಒಮ್ಮೆ ಕರ್ರೆಂದಿತು, ಇವರ ಹೊಟ್ಟೆಯೇ ಉಜ್ಜಿದ ಹಾಗೆ ಇವರು ಕೂಗಿದರು. ಗಾಡಿ ಅಲ್ಲೇ ನಿಂತಿತು. “ನಡೆಯುವ, ಮನೆ ಅಲ್ಲೇ ಕಾಣ್ತದೆ,” ಎಂದರು ಮಾವ. ಇವರು ಇಳಿದು ಹಿಂದೆ ಹೋಗಿ ಡಿಕ್ಕಿ ತೆರೆದರು. ಬಾಳೆಗೊನೆಯನ್ನು ಆಚೆ ಸರಿಸಿದರು, ಈಚೆ ಸರಿಸಿದರು.

“ಎಂತ ಆಯ್ತು?” ಎಂದೆ.

“ಗೊನೆ ಉಂಟು,” ಎಂದರು.

ಏಪ್ರಿಲ್ ತಿಂಗಳ ಬಿಸಿಲು. ಕಾಲಿಟ್ಟರೆ ಕಾವಲಿ. ತಿರುಗಿ ಹೋಗುವ ಹಾಗಿಲ್ಲ, ಮೇಲಿನ ಜಗಲಿಯಲ್ಲಿ ಎಲ್ಲರೂ ಎದ್ದು ನಿಂತು ನಮ್ಮನ್ನೇ ನೋಡುತ್ತಿದ್ದರು. ಬಿಳಿ ಪಂಚೆ, ರೇಷ್ಮೆ ಸೀರೆ, ಮಲ್ಲಿಗೆ ಮುಡಿದುಕೊಂಡು ನಾವು ಐದು ಜನ ಬರಿಗಾಲಲ್ಲಿ ಆ ಏರು ಹತ್ತಿದೆವು. ಹತ್ತಿದೆವು ಎನ್ನುದು ಮರ್ಯಾದೆಗೆ, ಕುಪ್ಪಳಿಸಿದೆವು ಎನ್ನುದೇ ಸರಿ. ಭಾವ ಹುಲ್ಲು ಕಂಡಲ್ಲಿಗೆ ಹಾರುತ್ತಿದ್ದರು. ಮಾವನ ದೇಹ ದೊಡ್ಡದು, ಅವರು “ಅಯ್ಯಮ್ಮಾ” ಎಂದಾಗಲೆಲ್ಲ ಗುಡ್ಡೆಯ ಆಚೆಯಿಂದ ಒಂದು ನಾಯಿ ಉತ್ತರ ಕೊಡುತ್ತಿತ್ತು. ಇವರು ಗೊನೆ ಹೊತ್ತು ತುದಿಗಾಲಲ್ಲಿ ಓಡುತ್ತಿದ್ದರು. ಅಕ್ಕ ಮಾತ್ರ ನನ್ನ ಕೈ ಹಿಡಿದು “ಎಲ್ಲ ಹಾಳಾಯ್ತು ಮಾರಾಯ್ತಿ, ಮಗಳಿಗೆ ಎಂತ ಹೇಳುದು” ಎಂದು ಅಳಲು ಶುರುಮಾಡಿದಳು.

ಜಗಲಿಯಲ್ಲಿ ಹುಡುಗನ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮ ಕಾಲುಗಳನ್ನೇ ನೋಡುತ್ತಿದ್ದರು. ನಾವು ಹತ್ತಿರ ಬಂದಾಗ ಕೈಮುಗಿದು ಕೇಳಿದರು: “ಹರಕೆಯಾ?”

“ಹೌದೌದು, ಹರಕೆ!” ಎಂದರು ಮಾವ, ಬಚಾವಾದೆ ಎಂಬ ದನಿಯಲ್ಲಿ.

“ಯಾವ ದೇವರಿಗೆ?”

ಮಾವ “ಸುಬ್ರಹ್ಮಣ್ಯ” ಎಂದರು. ಅದೇ ಗಳಿಗೆಗೆ ಭಾವ “ಮಹಾಲಿಂಗೇಶ್ವರ” ಎಂದರು. ಅಜ್ಜಿ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದರು. ಹುಡುಗನ ಅಮ್ಮ ಇವರನ್ನು ನೋಡಿದರು. ಅಂದು ಕಾರಿನ ಬಗ್ಗೆ ಅಷ್ಟು ಮಾತಾಡಿದ ಮನುಷ್ಯ ಇಂದು ಗೊನೆ ಅಪ್ಪಿಕೊಂಡು ಬಾಯಿಗೆ ಬೀಗ ಹಾಕಿ ನಿಂತಿದ್ದರು. ನಿಜ ಹೇಳಬೇಕಾದರೆ ಕಾರಿನ ಮಾತು ಎತ್ತಬೇಕು. ಎತ್ತುದಿಲ್ಲವೆಂದು ಮಗಳ ತಲೆಯ ಮೇಲೆ ಕೈ ಇಟ್ಟಿದ್ದಾರೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಕಾಲು ಒಂದು ಎತ್ತಿ ಒಂದು ಇಡುತ್ತಿದ್ದರು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಕ್ಕುಬಿಟ್ಟೆ. ಹೊಟ್ಟೆ ಹಿಡಿದು ನಗುತ್ತ ಜಗಲಿಯ ಮೆಟ್ಟಿಲ ಮೇಲೆ ಕೂತೇಬಿಟ್ಟೆ. “ಹರಕೆಯೂ ಇಲ್ಲ, ಮಣ್ಣೂ ಇಲ್ಲ ಅಜ್ಜಿ,” ಎಂದು ಎಲ್ಲ ಹೇಳಿದೆ. ಲಕ್ಷುರಿ, ಕೆನೆ ಬಣ್ಣ, ಬುಟ್ಟಿ, ರಾಹುಕಾಲ, ಹುಡುಗಿಗೆ ಕೊಟ್ಟ ಮಾತು, ಒಂದನ್ನೂ ಬಿಡಲಿಲ್ಲ. ಹಾಳಾಗುದಾದರೆ ಪೂರಾ ಹಾಳಾಗಲಿ ಎನಿಸಿತ್ತು.

ಹುಡುಗನ ಅಮ್ಮ ಮೊದಲು ಸೆರಗು ಬಾಯಿಗೆ ಹಿಡಿದರು. ಆಮೇಲೆ ಸೆರಗಿಗೂ ತಡೆಯಲಿಲ್ಲ. ಕಂಬ ಹಿಡಿದು ನಕ್ಕರು, ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. “ಅಯ್ಯೋ ದೇವರೇ, ನಾವು ನಿಮ್ಮನ್ನು ಎಂತದೋ ದೊಡ್ಡ ಜನ ಅಂತ ಹೆದರಿ ಕೂತಿದ್ದೆವಲ್ಲ! ನಿಮ್ಮ ಹುಡುಗಿಯನ್ನು ಕೇಳಬೇಕು ಅಂತ ನನ್ನ ಮಗ ದಿನಾ ನನ್ನ ತಲೆ ತಿನ್ನುದು. ನಾನೇ ಬೇಡ ಅಂತಿದ್ದೆ.” ಅಕ್ಕನನ್ನು ಹಿಡಿದು ಕೂರಿಸಿ, ತಾವೇ ತಣ್ಣೀರು ತಂದು ಅವಳ ಕಾಲಿಗೆ ಹೊಯ್ದರು. ಇವರು ಗೊನೆ ಕೆಳಗಿಟ್ಟು ನೀರಿನ ಬಾಲ್ದಿಗೇ ಕಾಲು ಇಳಿಸಿದರು. ಅಜ್ಜಿ “ಬಾಲ್ದಿ ಸಣ್ಣದು, ಲಕ್ಷುರಿ ಅಲ್ಲ” ಎಂದರು. ಆ ಮುದುಕಿ ನನಗೆ ಆವತ್ತೇ ಇಷ್ಟವಾದರು.

ಹೊರಡುವಾಗ ನಮಗೆಲ್ಲ ಆ ಮನೆಯ ಚಪ್ಪಲಿಗಳು ಸಿಕ್ಕವು. ಮಾವನಿಗೆ ಹುಡುಗನದ್ದು, ಇವರಿಗೆ ಕೆಸರು ಮೆತ್ತಿದ ತೋಟದ ಹವಾಯಿ, ನನಗೆ ಯಾರದ್ದೋ ಸ್ನಾನಕ್ಕೆ ಹೋಗುವಾಗ ಹಾಕುವ ಗುಲಾಬಿ ಬಣ್ಣದ್ದು. ಹುಡುಗನ ಅಮ್ಮ ಒಳಗೆ ಹೋಗಿ, ಪೇಟೆಗೆ ಹೋಗುವಾಗ ಮಾತ್ರ ಹಾಕುವ ತಮ್ಮ ಹೊಸ ಜೋಡಿ ತಂದು ಅಕ್ಕನ ಎದುರಿಟ್ಟರು. “ನಾಳೆಯೇ ಕಳಿಸ್ತೇವೆ,” ಎಂದಳು ಅಕ್ಕ. “ಕಳಿಸುದು ಬೇಡ. ಮಗಳು ಬರುವಾಗ ಹಾಕಿಕೊಂಡು ಬರಲಿ,” ಎಂದರು ಅವರು. ಅಷ್ಟಾದರೂ ಕಾರಿನ ಹತ್ತಿರ ಬಂದಾಗ ಇವರು ನಮ್ಮ ಕಾಲು ನೋಡಿದರು, ನಾವು ಎಲ್ಲವನ್ನೂ ಬಿಚ್ಚಿ ಗೊನೆ ಕಟ್ಟಿದ್ದ ಗೋಣಿಗೆ ಹಾಕಿದೆವು. ಗೋಣಿಯನ್ನು ಮಾವ ಮಡಿಲಲ್ಲಿಟ್ಟುಕೊಂಡೇ ಕೂತರು.

ಅಕ್ಕನ ಅಂಗಳದಲ್ಲಿ ನಮ್ಮ ಬುಟ್ಟಿಯ ಪಕ್ಕದಲ್ಲೇ ಮಗಳು ಕೂತಿದ್ದಳು. ಬೆಳಗಿನಿಂದ ಅದನ್ನೇ ನೋಡಿ ನೋಡಿ ಅಳುತ್ತಿದ್ದಳೋ ನಗುತ್ತಿದ್ದಳೋ, ಮುಖ ಊದಿತ್ತು. ಅಕ್ಕ ಆ ಹೊಸ ಜೋಡಿಯನ್ನು ಅವಳ ಎದುರಿಟ್ಟಳು. “ಯಾರದ್ದು?” ಎಂದಳು ಮಗಳು. “ನಿನ್ನ ಅತ್ತೆಯದ್ದು,” ಎಂದೆ ನಾನು.

ಮದುವೆಯ ಸಂಜೆ ಮದುಮಗಳನ್ನು ಕಾಣಿಯೂರಿಗೆ ಕರೆದುಕೊಂಡು ಹೋಗುವ ಗಾಡಿ ಇದೇ. ಬೇಕೆಂದು ಕೇಳಿದ್ದು ಅವಳೇ. ಧಾರೆ ಸೀರೆಗೆ ಹೊಂದದಿದ್ದರೂ ಕಾಲಲ್ಲಿ ಅತ್ತೆಯ ಚಪ್ಪಲಿ. ಎಲ್ಲರೂ ಅತ್ತು ಮುಗಿದು ಅವಳು ಕಾರಿನ ಬಾಗಿಲಿಗೆ ಬಂದಳು. ಮಳೆ ಬಂದು ಅಂಗಳವೆಲ್ಲ ಕೆಂಪು ಕೆಸರು, ಚಪ್ಪಲಿಯ ಬದಿಗೂ ಹತ್ತಿತ್ತು. ಅಭ್ಯಾಸಬಲದಿಂದ ಅವಳು ಬಗ್ಗಿ ಬಿಚ್ಚಹೊರಟಳು. ನಾನು ಬುಟ್ಟಿ ಹುಡುಕಿದೆ, ಡಿಕ್ಕಿಯಲ್ಲಿ ಇರಲಿಲ್ಲ, ಇವರು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

“ಹಾಕ್ಕೊಂಡೇ ಹತ್ತು ಮಗಾ,” ಎಂದರು ಇವರು. “ಅಲ್ಲಿ ಇಳಿಯುವಾಗ ಕಲ್ಲುಂಟು.”

ಬಾಗಿಲನ್ನು ಪೂರಾ ತೆರೆದು ಹಿಡಿದರು. ಅವಳು ಹಾಗೆಯೇ ಹತ್ತಿ ಕೂತಳು. ಕೆನೆ ಬಣ್ಣದ ನೆಲದ ಮೇಲೆ ಎರಡು ಕೆಂಪು ಹೆಜ್ಜೆ ಮೂಡಿದವು. ವಾರಕ್ಕೊಮ್ಮೆ ಇವರು ಕಾರು ತೊಳೆಯುತ್ತಾರೆ, ಆ ಜಾಗ ಮಾತ್ರ ಇವತ್ತಿಗೂ ಒರೆಸಿಲ್ಲ.